ಪಿಸ್ತೂಲಿಗಿಂತ ಗುರಿಯ ಅಭ್ಯಾಸ ಮುಖ್ಯ

ಹುಮನಾಬಾದ್: 2025ರ ಜನವರಿ 16ರಂದು ಬೀದರ್ ನಗರದಲ್ಲಿ ಎಟಿಎಂಗೆ ಹಣ ತುಂಬುವ ಸಿಬ್ಬಂದಿಯ ಮೇಲೆ ಗುಂಡು ಹಾರಿಸಿದ ದರೋಡೆಕೋರರು ಹೈದರಾಬಾದಿಗೆ ಪರಾರಿಯಾದರು. ಪುಣೆ-ಹೈದರಾಬಾದ್ ಹೆದ್ದಾರಿ ಹಾದುಹೋಗುವ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಿಗೂ ಆ ಘಟನೆ ಒಂದು ಪ್ರಶ್ನೆ ಉಳಿಸಿದೆ: ಪೊಲೀಸ್ ಅಧಿಕಾರಿಯ ಸೊಂಟದಲ್ಲಿ ಎಂಥ ಆಯುಧವಿರಬೇಕು?

ಆರು ಗುಂಡಿನ ಪಾಯಿಂಟ್ 38 ರಿವಾಲ್ವರ್ ಸರಳ. ಒಂದು ಗುಂಡು ಸಿಡಿಯದಿದ್ದರೆ ಮತ್ತೆ ಟ್ರಿಗರ್ ಒತ್ತಿದರಾಯಿತು. ಇಷಾಪುರ ಕಾರ್ಖಾನೆಯ 9 ಎಂಎಂ ಪಿಸ್ತೂಲು 13 ಗುಂಡು ಹಿಡಿಯುತ್ತದೆ. ಆದರೆ ಗುಂಡು ಸಿಕ್ಕಿಕೊಂಡಾಗ ಬಿಡಿಸುವ ತರಬೇತಿ ಬೇಕು. 1986ರ ಮಯಾಮಿ ಕಾಳಗದ ಬಳಿಕ ದೊಡ್ಡ ಗುಂಡಿನತ್ತ ಹೊರಳಿದ್ದ ಅಮೆರಿಕದ ಎಫ್‌ಬಿಐ, ಒದೆತ ಕಡಿಮೆ, ಗುರಿ ನಿಖರ ಎಂಬ ಕಾರಣಕ್ಕೆ 2010ರ ದಶಕದಲ್ಲಿ 9 ಎಂಎಂಗೇ ಮರಳಿತು.

ಜನನಿಬಿಡ ಪೇಟೆಯಲ್ಲಿ ಗುರಿ ತಪ್ಪಿದ ಗುಂಡಿಗೆ ಬಲಿಯಾಗುವವರು ಅಮಾಯಕರು. ಆದ್ದರಿಂದ ಹೊಸ ಆಯುಧದ ಜತೆಗೇ ಅಭ್ಯಾಸದ ಗುಂಡುಗಳಿಗೂ ಅನುದಾನ ಮೀಸಲಿಡುವುದು ವಿವೇಕ.