ಸಿಲಿಕೋನ್ ಭಕ್ತರಿಗೊಂದು ದೊಡ್ಡ ನಮಸ್ಕಾರ

ಪಿಕಪ್ ಟ್ರಕ್ಕಿನ ಹಿಂಭಾಗಕ್ಕೆ ಮುಚ್ಚಳ ಹಾಕಿಸಿದ ಮೇಲೂ ಒಳಗೆ ನೀರು ಬರ್ತಿದೆ ಅಂತ ಅಮೆರಿಕದಲ್ಲಿ ಯಾರ ಹತ್ತಿರ ಹೇಳಿಕೊಂಡರೂ ಸಿಗೋ ಉತ್ತರ ಎರಡೇ. ಒಂದು, "ಒಂದು ಟ್ಯೂಬ್ ಸಿಲಿಕೋನ್ ತಗೊಂಡು ಬಳಿ". ಇನ್ನೊಂದು, "ಅದು ಟ್ರಕ್ಕು ಕಣಯ್ಯಾ, ಸೋರೋದೇ". ಎರಡೂ ತಪ್ಪು ಅನ್ನೋದು ನನ್ನ ವಾದ. ಮೊದಲನೆಯದು ನೀರಿನ ಸ್ವಭಾವ ಗೊತ್ತಿಲ್ಲದವರ ಮಾತು. ಎರಡನೆಯದು ಮಾರುವವರಿಗೆ ಬಹಳ ಅನುಕೂಲವಾದ ಮಾತು.

ಊರಲ್ಲಿ ಕೂತು ಓದ್ತಿರೋರಿಗೆ ಒಂದೆರಡು ಸಾಲು ಪೀಠಿಕೆ. ಇಲ್ಲಿಯ ಪಿಕಪ್ ಅಂದರೆ ಮುಂದೆ ಕಾರಿನ ಹಾಗೆ ಕೂರೋ ಕ್ಯಾಬಿನ್ನು, ಹಿಂದೆ ಮೇಲ್ಭಾಗ ತೆರೆದ ದೊಡ್ಡ ತೊಟ್ಟಿ. ಅದಕ್ಕೆ ಬೆಡ್ ಅಂತಾರೆ. ಬೆಡ್ಡಿನ ಮೇಲೆ ಚಪ್ಪಟೆಯಾಗಿ ಕೂರೋ ಮುಚ್ಚಳಕ್ಕೆ ಟನೋ ಕವರ್ ಅಂತ ಹೆಸರು. ಚಾಪೆ ಥರ ಸುತ್ತೋದು, ಮೂರು ಮಡಿಕೆಯಾಗಿ ಮಡಚೋದು, ಶಟರ್ ಥರ ಡಬ್ಬಿಯೊಳಗೆ ಸೇರಿಕೊಳ್ಳೋದು, ಹೀಗೆ ತರಹೇವಾರಿ. 200-300 ಡಾಲರಿಂದ ಶುರುವಾಗಿ 2000 ಡಾಲರ್ ದಾಟುತ್ತೆ. ಸಾಫ್ಟ್‌ವೇರಿನವನಿಗೆ ಪಿಕಪ್ ಯಾಕಪ್ಪಾ ಅಂತ ಕೇಳೋರಿಗೆ ಇನ್ನೊಂದು ದಿನ ಉತ್ತರ ಕೊಡ್ತೀನಿ :-)

ಈಗ ನಮ್ಮೂರಿನ ಟಾಟಾ ಏಸ್ ನೆನಪು ಮಾಡಿಕೊಳ್ಳಿ. 2005ರಲ್ಲಿ ಬಂದ ಈ ಛೋಟಾ ಹಾಥಿಗಳ ಡ್ರೈವರುಗಳು ಮಳೆಗಾಲದಲ್ಲಿ ಏನು ಮಾಡ್ತಾರೆ? ಲೋಡಿನ ಮಧ್ಯಭಾಗ ಸ್ವಲ್ಪ ಎತ್ತರ ಮಾಡಿ, ಟಾರ್ಪಾಲು ಹೊದೆಸಿ, ಅದರ ಅಂಚು ಪಕ್ಕದ ಹಲಗೆಯ ಹೊರಗೆ ಇಳಿಬೀಳೋ ಹಾಗೆ ಹಗ್ಗ ಬಿಗೀತಾರೆ. ನೀರು ಬೆನ್ನಿನಿಂದ ಜಾರಿ ಹೊರಗೆ ಬೀಳುತ್ತೆ. ಅಲ್ಲಿ ರಬ್ಬರ್ ಸೀಲೂ ಇಲ್ಲ, ಸಿಲಿಕೋನೂ ಇಲ್ಲ. ಇಳಿಜಾರು, ಹೊರಚಾಚಿದ ಅಂಚು, ಅಷ್ಟೇ.

ಹಂಚಿನ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆವತ್ತಿನಿಂದ ಇವತ್ತಿನವರೆಗೆ ಆ ಹಂಚುಗಳ ನಡುವೆ ಯಾರೂ ಅಂಟು ಬಳಿದಿಲ್ಲ. ಒಂದರ ಮೇಲೊಂದು ಹತ್ತಿ ಕೂತಿರುತ್ತೆ, ನಡುವೆ ಗಾಳಿ ಆಡುತ್ತೆ, ಬೆಳಕೂ ಇಣುಕುತ್ತೆ. ಆದರೂ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳೋ ಆಗುಂಬೆಯಲ್ಲಿ ಜನ ಅದರ ಕೆಳಗೆ ಬೆಚ್ಚಗೆ ಮಲಗ್ತಾರೆ. ಯಾಕಂದ್ರೆ ಆ ಮಾಡು ನೀರನ್ನ ತಡೆದು ನಿಲ್ಲಿಸೋಕೆ ಹೋಗಲ್ಲ, ದಾರಿ ತೋರಿಸಿ ಕಳಿಸುತ್ತೆ. ಸೂರಿನ ಕೆಳಗೆ ಅಡಿಕೆ ದಬ್ಬೆ ಕಟ್ಟಿದ್ದರಂತೂ ಆ ನೀರು ಎಲ್ಲಿ ಬೀಳಬೇಕು ಅನ್ನೋದೂ ನಮ್ಮ ಕೈಯಲ್ಲೇ.

ಟನೋ ಕವರಿನ ಮೂಲ ಕಷ್ಟ ಇರೋದು ಇಲ್ಲೇ. ಅದು ಚಪ್ಪಟೆ. ಅಂಚು ಹೊರಗೆ ಚಾಚಿರೋದಿಲ್ಲ, ಬಹಳಷ್ಟು ಮಾದರಿಗಳಲ್ಲಿ ಬೆಡ್ಡಿನ ಗೋಡೆಯ ಒಳಗೇ ಕೂತಿರುತ್ತೆ. ನೀರು ಅದರ ಮೇಲೆ ನಿಲ್ಲುತ್ತೆ. ನಿಂತ ನೀರಿಗೆ ಸೂಜಿಮೊನೆಯಷ್ಟು ಸಂದು ಸಾಕು, ಬೇಕಾದಷ್ಟು ಹೊತ್ತು ಕಾದು ಒಳಗಿಳಿಯುತ್ತೆ. ಅದೇ ನೀರು ಹರಿದು ಹೋಗ್ತಿದ್ದರೆ ಸೀಲು ಸ್ವಲ್ಪ ಕೆಟ್ಟದಿದ್ದರೂ ನಡೆಯುತ್ತೆ.

ನಾನಿರೋ ಸಿಯಾಟಲ್ ಕಡೆ ವರ್ಷದ ಮಳೆ ಸುಮಾರು 1000 ಮಿ.ಮೀ. ಬೆಂಗಳೂರಿನದೂ ಹತ್ತಿರ ಹತ್ತಿರ ಅಷ್ಟೇ. ಆದರೆ ಬೆಂಗಳೂರಿನ ಮಳೆ ಸಂಜೆ ಒಂದು ಗಂಟೆ ಚಚ್ಚಿ ಹೋಗುತ್ತೆ. ಇಲ್ಲಿಯದು ಅಕ್ಟೋಬರಿನಿಂದ ಮಾರ್ಚ್ ತನಕ ಜಿಟಿಜಿಟಿ, ದಿನಗಟ್ಟಲೆ. ನೀರು ನಿಂತೇ ಇರುತ್ತೆ, ಸಂದಿಗೊಂದಿ ಹುಡುಕ್ತಾನೇ ಇರುತ್ತೆ.

ಸಿಲಿಕೋನ್ ಭಕ್ತರು ಇಲ್ಲಿ ಏನು ಮಾಡ್ತಾರೆ ನೋಡಿ. ಎಲ್ಲಿಂದ ಬರ್ತಿದೆ ಅಂತ ನೋಡದೇ ಕಂಡಲ್ಲೆಲ್ಲ ಬಳೀತಾರೆ. ನಮ್ಮ ಕಸುಬಿನವರಿಗೆ ಅರ್ಥ ಆಗೋ ಹಾಗೆ ಹೇಳೋದಾದರೆ, ಬಗ್ ಎಲ್ಲಿದೆ ಅಂತ ಹುಡುಕೋ ಬದಲು ಇಡೀ ಪ್ರೋಗ್ರಾಮಿಗೆ ಟ್ರೈ-ಕ್ಯಾಚ್ ಸುತ್ತಿ "ಈಗ ಎರರ್ ಬರ್ತಿಲ್ಲ ಸಾರ್" ಅಂದ ಹಾಗೆ. ಎರರ್ ಹೋಗಿಲ್ಲ ಮಾರಾಯ್ರೇ, ಕಾಣಿಸ್ತಿಲ್ಲ ಅಷ್ಟೇ.

ಸಿಲಿಕೋನಿನ ಮೇಲೆ ನನ್ನ ಆರೋಪಪಟ್ಟಿ ಇಷ್ಟು. ಬೆಡ್ಡು, ಕವರು ಎರಡೂ ಓಡೋ ಗಾಡಿಯ ಮೇಲಿರೋವು. ಹಳ್ಳ ಬಂದಾಗಲೆಲ್ಲ ಒಂದಕ್ಕೊಂದು ಒಂಚೂರು ಅಲುಗುತ್ತವೆ. ಧೂಳಿನ ಮೇಲೆ ಬಳಿದ ತೆಳ್ಳನೆ ಸಿಲಿಕೋನ್ ಪಟ್ಟಿ ಅಂಚಿನಿಂದ ಎದ್ದು ಬರುತ್ತೆ. ಒಮ್ಮೆ ಗಟ್ಟಿಯಾದ ಸಿಲಿಕೋನಿನ ಮೇಲೆ ಬಣ್ಣ ಹಿಡಿಯಲ್ಲ, ಹೊಸ ಸಿಲಿಕೋನೂ ಸರಿಯಾಗಿ ಹಿಡಿಯಲ್ಲ, ಹಾಗಾಗಿ ಮುಂದಿನ ರಿಪೇರಿಗೆ ಅದೇ ಶತ್ರು. ವಿನಿಗರ್ ವಾಸನೆ ಬರೋ ಅಗ್ಗದ ಜಾತಿಯದ್ದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತೆ, ಬಣ್ಣ ಎದ್ದ ಲೋಹಕ್ಕೆ ಅದು ಒಳ್ಳೇದಲ್ಲ. ಎಲ್ಲಕ್ಕಿಂತ ದೊಡ್ಡ ಅಪರಾಧ, ಉತ್ಸಾಹದಲ್ಲಿ ಬೆಡ್ಡಿನ ತಳದ ತೂತುಗಳನ್ನೂ ಮುಚ್ಚಿಬಿಡೋದು. ಕಂಪನಿಯವರು ಆ ತೂತು ಬಿಟ್ಟಿರೋದೇ ನೀರು ಹೊರಗೆ ಹೋಗಲಿ ಅಂತ. ಅದನ್ನೂ ಮುಚ್ಚಿದರೆ ಟ್ರಕ್ಕು ಹೋಗಿ ಬಾನಿ ಆಯ್ತು.

ಹಾಗಾದ್ರೆ ನೀರು ಬರೋದೆಲ್ಲಿಂದ? ಕ್ಯಾಬಿನ್ನಿನ ಹಿಂದೆ, ಬೆಡ್ಡಿನ ಮುಂದಿನ ಗೋಡೆಯ ಮೇಲೆ ಕೂರೋ ಫೋಮ್ ಪಟ್ಟಿ ಒಂದು. ಆ ಪಟ್ಟಿ ಪಕ್ಕದ ಕಂಬಿಯನ್ನ ಸೇರೋ ಎರಡು ಮೂಲೆ. ಇಲ್ಲಿ ಎರಡು ಸೀಲುಗಳ ನಡುವೆ ಸಂದು ಉಳಿಯೋದು ಮಾಮೂಲು. ಪಕ್ಕದ ಕಂಬಿಗಳ ಅಡಿ; ಬೆಡ್ಡಿನ ಅಂಚಿಗೆ ಹಾಕಿರೋ ಪ್ಲಾಸ್ಟಿಕ್ಕಿನಲ್ಲಿ ಗೀರುಗಳಿದ್ದರೆ ಒಂದೊಂದು ಗೀರೂ ಒಂದೊಂದು ಕಾಲುವೆ. ಕಂಬ ನಿಲ್ಲಿಸೋಕೆ ಅಂಚಿನ ಮೇಲಿರೋ ಚೌಕ ಗುಳಿಗಳು. ಮಡಚೋ ಕವರಾದರೆ ಮಡಿಕೆಯ ಕೀಲು. ಶಟರ್ ಜಾತಿಯದಾದರೆ ಡಬ್ಬಿಯಿಂದ ನೀರು ಇಳಿಸೋ ಎರಡು ಸಣ್ಣ ಕೊಳವೆ. ಈ ಊರಿನ ಫರ್ ಮರದ ಸೂಜಿಯೆಲೆ ನಾಲ್ಕು ಸಿಕ್ಕಿಕೊಂಡರೆ ಕೊಳವೆ ಬಂದ್, ಡಬ್ಬಿ ತುಂಬಿ ಒಳಗೇ ಸುರಿಯುತ್ತೆ. ಕೊನೆಗೆ ಟೇಲ್‌ಗೇಟ್, ಅಂದರೆ ಹಿಂದಿನ ಬಾಗಿಲು. ಅದರ ಎರಡು ಪಕ್ಕ ಮತ್ತು ಅಡಿ ಬೆರಳು ಹೋಗುವಷ್ಟು ತೆರೆದಿರುತ್ತೆ. ಹೈವೇಯಲ್ಲಿ ಹೋಗುವಾಗ ಗಾಡಿಯ ಹಿಂದೆ ಗಾಳಿಯ ಒತ್ತಡ ಕಮ್ಮಿಯಾಗಿ, ಚಕ್ರ ಎಬ್ಬಿಸಿದ ಎರಚಲು ಸುತ್ತಿಕೊಂಡು ಬಂದು ಅಲ್ಲಿಂದ ಒಳಗೆ ನುಗ್ಗುತ್ತೆ. ಮೇಲಿನ ಮುಚ್ಚಳಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಈಗ "ವಾಟರ್ ರೆಸಿಸ್ಟೆಂಟ್" ಅನ್ನೋ ಪದದ ಕಡೆ ಬರೋಣ. ನಿಮ್ಮ ಜೇಬಿನ ಫೋನಿಗೆ ಐಪಿ67 ಅಂತಲೋ ಐಪಿ68 ಅಂತಲೋ ಒಂದು ಸಂಖ್ಯೆ ಇರುತ್ತೆ. ಅದು ಐಇಸಿ 60529 ಅನ್ನೋ ಅಂತರರಾಷ್ಟ್ರೀಯ ಮಾನದಂಡದ ಲೆಕ್ಕ. ಎರಡನೇ ಅಂಕಿ ನೀರಿನದು. 4 ಅಂದರೆ ಎಲ್ಲ ದಿಕ್ಕಿನಿಂದ ಎರಚಿದರೂ ತಡೆಯುತ್ತೆ, 7 ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸಿದರೂ ತಡೆಯುತ್ತೆ. ಹೇಳಿದ ಮಾತನ್ನ ಯಾರು ಬೇಕಾದರೂ ಪರೀಕ್ಷೆ ಮಾಡಬಹುದು. ನಾನು ಕೊಂಡ ಕವರಿನ ಪೆಟ್ಟಿಗೆ ಮೇಲೆ ಇದ್ದದ್ದೇನು? ದೊಡ್ಡ ಅಕ್ಷರದಲ್ಲಿ ಎಲ್ಲ ಹವಾಮಾನಕ್ಕೂ ರಕ್ಷಣೆ ಅಂತ. ಒಳಗಿನ ಚೀಟಿಯ ಕೊನೆಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ವಾಟರ್ ರೆಸಿಸ್ಟೆಂಟ್ ಮಾತ್ರ, ವಾಟರ್‌ಪ್ರೂಫ್ ಅಲ್ಲ ಅಂತ. ಎಷ್ಟು ನೀರು, ಎಷ್ಟು ಹೊತ್ತು, ಯಾವ ಅಂಚಿನಿಂದ? ಒಂದಕ್ಕೂ ಉತ್ತರ ಇಲ್ಲ. ಸೋರದಿದ್ದರೆ ಅವರ ಹೆಗ್ಗಳಿಕೆ, ಸೋರಿದರೆ ನಮ್ಮ ಹಣೆಬರಹ.

ಇಷ್ಟು ಸಿಟ್ಟು ಯಾಕೆ ಅಂತ ಕೇಳಬಹುದು. ನಮ್ಮ ಕನ್ನಡ ಕೂಟದ ಹಿರಿಯರೊಬ್ಬರು, ಶಿವಮೊಗ್ಗ ಕಡೆಯವರು, ಮಗನ ಮನೆಯಿಂದ ಊರಿಗೆ ವಾಪಸ್ ಹೊರಟಿದ್ದರು. ಕೂಟದ ಲೈಬ್ರರಿಗೆ ಅಂತ ಮೂರು ಪೆಟ್ಟಿಗೆ ಪುಸ್ತಕ ಕೊಟ್ಟರು. ಕ್ಯಾಬಿನ್ನಲ್ಲಿ ನಾವು ಐದು ಜನ, ಪೆಟ್ಟಿಗೆಗಳು ಹಿಂದೆ, ಹೊಸ ಮುಚ್ಚಳದ ಕೆಳಗೆ. ನಲವತ್ತು ನಿಮಿಷದ ದಾರಿ, ದಾರಿಯುದ್ದಕ್ಕೂ ಮಳೆ. ಪುಸ್ತಕಗಳ ನಡುವೆ ಒಂದು ನೋಟ್‌ಬುಕ್ ಇತ್ತು. ಅವರ ತಾಯಿ ಇಂಕ್ ಪೆನ್ನಿನಲ್ಲಿ ಬರೆದಿಟ್ಟ ಹಸೆ ಹಾಡುಗಳು. ಸ್ಕ್ಯಾನ್ ಮಾಡಿಸಿ ಎಲ್ಲರಿಗೂ ಕೊಡಿ ಅಂತ ಅವರ ಆಸೆ. ಅಚ್ಚಾದ ಪುಸ್ತಕ ಒಣಗಿಸಿದರೆ ಓದೋಕೆ ಬರುತ್ತೆ. ಇಂಕಿನಲ್ಲಿ ಬರೆದದ್ದು ನೀರಿಗೆ ಕರಗಿ ಹೋದರೆ ಮತ್ತೆ ಬರಲ್ಲ. ಅರ್ಧಕ್ಕೂ ಹೆಚ್ಚು ಪುಟ ನೀಲಿ ಮೋಡ. ವಿಷಯ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗಲಿ ಬಿಡಪ್ಪಾ, ನೀನೇನು ಬೇಕಂತ ಮಾಡಿದ್ಯಾ" ಅಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಅಂಗಡಿಗೆ ಹೋಗಿ ಕೇಳಿದರೆ ಕೌಂಟರಿನವ ನಕ್ಕು ಹೇಳಿದ್ದು ಅದೇ ಮಂತ್ರ, "ಹೇ ಮ್ಯಾನ್, ಇಟ್ಸ್ ಎ ಟ್ರಕ್". ಟ್ರಕ್ಕು ಅಂತ ಮಾರುವಾಗಲೂ ಗೊತ್ತಿತ್ತಲ್ಲ? ಟೇಲ್‌ಗೇಟಿನ ಸಂದು ಕವರ್ ಮಾಡಿದವರ ತಪ್ಪಲ್ಲ, ಒಪ್ಪಿದೆ. ಹಾಗಿದ್ದರೆ ಪೆಟ್ಟಿಗೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೀಲಿ: ಮೇಲಿಂದ ಬೀಳೋ ನೀರಿಗೆ ನಾವು ಜವಾಬ್ದಾರಿ, ಹಿಂದಿನ ಬಾಗಿಲಿಗೆ ಬೇರೆ ಸೀಲು ಹಾಕಿಸಿಕೊಳ್ಳಿ ಅಂತ. ಒಂದು ಸಾಲು. ಇದನ್ನ ಬರೆಯೋಕೆ ಸಂಶೋಧನೆ ಬೇಕಾ? ಈ ಗಾಡಿಗಳಲ್ಲೇ ಹೊಟ್ಟೆಪಾಡು ನಡೆಸೋ ಬಡಗಿಗಳು, ಎಲೆಕ್ಟ್ರಿಷಿಯನ್‌ಗಳು ಇದ್ದಾರೆ. ಅವರ ಡ್ರಿಲ್ಲು, ಸಿಮೆಂಟು, ವೈರು ನೆನೆದರೆ ಅವತ್ತಿನ ಕೂಲಿ ಹೋಯ್ತು. ಅವರಿಗೂ ಇದೇ ನಗುವಾ?

ಬೈಯೋದಷ್ಟೇ ಮಾಡಿ ಹೋದರೆ ನಾನೂ ಕೌಂಟರಿನವನೂ ಒಂದೇ. ಹಾಗಾಗಿ ಮಾಡಿ ನೋಡಿದ್ದನ್ನ ಹೇಳ್ತೀನಿ.

ಮೊದಲು ಹುಡುಕಬೇಕು. ಬೆಡ್ ಪೂರ್ತಿ ಒಣಗಿಸಿ, ಸಂದುಗಳ ಒಳಬದಿಗೆ ಟಾಲ್ಕಂ ಪೌಡರ್ ಉದುರಿಸಿ, ಟಾರ್ಚ್ ಹಚ್ಚಿ, ಒಂದು ಫೋನನ್ನ ವಿಡಿಯೋಗೆ ಇಟ್ಟು ಮುಚ್ಚಿ. ತೋಟದ ಪೈಪಿನಿಂದ ಮೆಲ್ಲಗೆ ನೀರು ಬಿಡಿ. ಕೆಳಗಿನಿಂದ ಶುರು ಮಾಡಿ: ಮೊದಲು ಟೇಲ್‌ಗೇಟ್, ಆಮೇಲೆ ಪಕ್ಕ, ಆಮೇಲೆ ಮುಂದಿನ ಅಂಚು. ಒಂದು ಸಲಕ್ಕೆ ಒಂದೇ ಜಾಗ, ಐದು ನಿಮಿಷ. ಪೌಡರಿನಲ್ಲಿ ನೀರಿನ ಗೆರೆ ಮೂಡುತ್ತೆ. ಪ್ರೆಶರ್ ವಾಷರ್ ಬೇಡ, ಅದು ಒಳ್ಳೇ ಸೀಲಿನಲ್ಲೂ ನೀರು ತೂರಿಸುತ್ತೆ.

ಎರಡನೇದು, ಸೀಲಿನ ಒತ್ತಡ. ಒಂದು ಕಾಗದದ ಪಟ್ಟಿ ಇಟ್ಟು ಕವರ್ ಮುಚ್ಚಿ ಎಳೀರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿದರೆ ಅಲ್ಲಿ ಸೀಲು ಒತ್ತುತ್ತಿಲ್ಲ. ಕ್ಲಾಂಪ್ ಸಡಿಲಿಸಿ ಕಂಬಿ ನೇರ ಕೂರಿಸಿದರೇ ಅರ್ಧ ಸೋರಿಕೆ ನಿಲ್ಲಬಹುದು. ಬಟ್ಟೆಯ ಕವರಾದರೆ ಬಿಗಿ ಹೆಚ್ಚಿಸಿ. ಜೋತುಬಿದ್ದಲ್ಲಿ ಕೊಳ ಆಗುತ್ತೆ.

ಮೂರನೇದು, ಸಾಮಗ್ರಿ. ಚಪ್ಪಟೆಯಾಗಿ ಮತ್ತೆ ಉಬ್ಬದ ಹಳೇ ಫೋಮ್ ಕಿತ್ತು ಬಿಸಾಕಿ. ಸ್ಪಂಜಿನ ಥರ ನೀರು ಕುಡಿಯೋ ಫೋಮ್ ಬೇಡ, ಮುಚ್ಚಿದ ಗುಳ್ಳೆಗಳ ಜಾತಿಯದು ಅಥವಾ ಇಪಿಡಿಎಂ ರಬ್ಬರಿನದು ತಗೊಳ್ಳಿ. ಇಪಿಡಿಎಂ ಬಿಸಿಲಿಗೂ ಓಝೋನಿಗೂ ಬೇಗ ಬಿರಿಯಲ್ಲ. ಅಂಟಿಸೋ ಮೊದಲು ಜಾಗವನ್ನ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಒಣಗಿಸಿ. ಚಳಿಯಲ್ಲಿ ಅಂಟು ಹಿಡಿಯಲ್ಲ, ಬೆಚ್ಚಗಿರೋ ದಿನ ನೋಡಿ ಮಾಡಿ, ಒಂದು ದಿನವಾದರೂ ನೀರು ಸೋಕಿಸಬೇಡಿ. ಮೂಲೆಗಳಲ್ಲಿ ಎರಡು ಪಟ್ಟಿಗಳನ್ನ ತುದಿಗೆ ತುದಿ ಮುಟ್ಟಿಸಿ ಬಿಡದೆ ಹಂಚಿನ ಥರ ಒಂದರ ಮೇಲೊಂದು ಹತ್ತಿಸಿ. ಟೇಲ್‌ಗೇಟಿಗೆ ಬೇರೆ ರಬ್ಬರ್ ಸೀಲು ಹಾಕಿ, ಆದರೆ ತಳದ ತೂತುಗಳು ತೆರೆದೇ ಇರಲಿ. ಕೊಳವೆ ಇದ್ದರೆ ತಿಂಗಳಿಗೊಮ್ಮೆ ಮೆತ್ತನೆ ನೈಲಾನ್ ತಂತಿ ತೂರಿಸಿ ಸ್ವಚ್ಛ ಮಾಡಿ. ಗಾಡಿ ನಿಲ್ಲಿಸೋವಾಗ ಮೂತಿ ಸ್ವಲ್ಪ ಮೇಲಿದ್ದರೆ ಕವರಿನ ಮೇಲಿನ ನೀರು ಹಿಂದಕ್ಕೆ ಇಳಿದು ಹೋಗುತ್ತೆ.

ಇಷ್ಟಾದ ಮೇಲೂ ಬೆಳಿಗ್ಗೆ ಒಳಗೆ ಪಸೆ ಕಂಡರೆ ಸಿಲಿಕೋನಿಗೆ ಓಡಬೇಡಿ. ರಾತ್ರಿ ಕವರ್ ತಣ್ಣಗಾಗಿ ಒಳಗಿನ ಗಾಳಿಯ ತೇವ ಅದರ ಹೊಟ್ಟೆಗೆ ಹನಿಗಟ್ಟಿರಬಹುದು. ಮಳೆಯಿಲ್ಲದ ರಾತ್ರಿಯ ಮರುದಿನ ನೋಡಿ. ಅವತ್ತೂ ಹನಿ ಇದ್ದರೆ ಅದು ಸೋರಿಕೆ ಅಲ್ಲ. ಅದಕ್ಕೆ ಮದ್ದು ಗಾಳಿ. ಬಿಗಿಯಾಗಿ ಮುಚ್ಚಿದಷ್ಟೂ ಅದು ಜಾಸ್ತಿ ಆಗುತ್ತೆ.

ನನ್ನ ಗಾಡಿಗೆ ಇದೆಲ್ಲ ಮಾಡೋಕೆ ಒಂದು ಶನಿವಾರ, ಐವತ್ತು ಚಿಲ್ಲರೆ ಡಾಲರ್ ಹಿಡೀತು. ಕವರ್ ಮಾರುವವರು ಪೆಟ್ಟಿಗೆಯೊಳಗೆ ಹತ್ತು ಅಡಿ ಟೇಲ್‌ಗೇಟ್ ಸೀಲು, ಒಂದು ಪುಟದ ನಿಜ ಇಟ್ಟಿದ್ದರೆ ಅವರಿಗೆ ತಗಲುತ್ತಿದ್ದದ್ದು ಇನ್ನೂ ಕಮ್ಮಿ. ಹಾಗಾಗಿ ಇಲ್ಲಿರೋ ಮಿತ್ರರಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಯಾವ ಅಂಗಡಿಯವರಾದರೂ ವಾಟರ್ ರೆಸಿಸ್ಟೆಂಟ್ ಅಂದರೆ, "ಎಷ್ಟು ನೀರು, ಎಷ್ಟು ಹೊತ್ತು, ಯಾವ ಕಡೆಯಿಂದ?" ಅಂತ ಮೂರು ಪ್ರಶ್ನೆ ಕೇಳಿ. ಉತ್ತರವನ್ನ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡೋಕೆ ಹಿಂದೆಮುಂದೆ ನೋಡಿದರೆ ನಿಮ್ಮ ದುಡ್ಡು ನಿಮ್ಮ ಜೇಬಲ್ಲೇ ಇರಲಿ.

ಸಿಲಿಕೋನ್ ಭಕ್ತರು ಯಾರಾದರೂ ಇದ್ದರೆ ಕಾಮೆಂಟಿನಲ್ಲಿ ಜಗಳಕ್ಕೆ ಸ್ವಾಗತ :-)