ಅಲ್ಲಿ ಜನ ಬೇರೆ ಅಲ್ಲ ಕಣ್ರೀ

ಏಪ್ರಿಲ್-ಮೇ ಬಂತು ಅಂದ್ರೆ ದಾವಣಗೆರೆ, ಹರಿಹರದ ಕಡೆಯಿಂದ ಬೆಂಗಳೂರಿಗೆ ಹೋಗಿ ಐಟಿ ಕೆಲಸ ಹಿಡಿದಿರೋ ಹುಡುಗ-ಹುಡುಗಿಯರ ವಾಟ್ಸ್ಯಾಪ್ ಸ್ಟೇಟಸ್ ತುಂಬಾ ಯುರೋಪ್. ನಮ್ಮ ಅಣ್ಣಂದಿರ ಕಾಲದಲ್ಲಿ ಹೊಸದಾಗಿ ಮದುವೆಯಾದವರು ಧರ್ಮಸ್ಥಳ, ಊಟಿ, ಬಹಳ ಅಂದ್ರೆ ಮನಾಲಿಗೆ ಹೋಗ್ತಿದ್ರು. ಈಗ ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್, ಸ್ವಿಟ್ಜರ್‌ಲ್ಯಾಂಡ್. ನಾನೂ ನನ್ನ ಹೆಂಡತಿಯೂ ಹೋಗಿ ಬಂದಿದ್ದೀವಿ. ನಾನು ಹರಿಹರ ತಾಲೂಕಿನ ಹಳ್ಳಿಯವನು, ಅವಳು ದಾವಣಗೆರೆ ಸಿಟಿಯವಳು. ಹಾಗಾಗಿ ಇದು ಹೊಟ್ಟೆಕಿಚ್ಚಿನ ಬರಹ ಅಲ್ಲ. ನನ್ನ ಜಗಳ ಪ್ರವಾಸದ ಮೇಲಲ್ಲ. ಹೋಗಿ ಬಂದವರು ಬ್ಯಾಗ್ ಇಳಿಸೋಕೆ ಮುಂಚೆಯೇ ಹೇಳೋ ಒಂದು ಮಾತಿನ ಮೇಲೆ.

ಅದಕ್ಕೂ ಮೊದಲು ಹಿರಿಯರ ತಕರಾರನ್ನ ಮುಗಿಸಿಬಿಡೋಣ. "ಇಬ್ಬರೇ ಹೋಗಿ 5-6 ಲಕ್ಷ ಸುಟ್ಟು ಬಂದ್ರಾ? ಆ ದುಡ್ಡಲ್ಲಿ ಒಂದು ಸೈಟಿಗೆ ಅಡ್ವಾನ್ಸ್ ಕೊಡಬಹುದಿತ್ತಲ್ಲಪ್ಪ" ಅಂತಾರೆ. ಸರಿ. ಆದರೆ ಇದೇ ಹಿರಿಯರು ನಮ್ಮ ಮದುವೆಗೆ ಕಲ್ಯಾಣಮಂಟಪ ಹಿಡಿದು, ನಮಗೆ ಮುಖಪರಿಚಯವೂ ಇಲ್ಲದ ಸಾವಿರಾರು ಜನಕ್ಕೆ ಎರಡು ದಿನ ಊಟ ಹಾಕಿಸಿದಾಗ ಸೈಟು ನೆನಪಾಗಲಿಲ್ಲ. ಊರಿಗೆ ತೋರಿಸೋಕೆ ಮಾಡಿದ್ದು ಮರ್ಯಾದೆ, ನಾವಿಬ್ಬರು ನೋಡೋಕೆ ಮಾಡಿದ್ದು ದುಂದು ಅನ್ನೋ ಲೆಕ್ಕ ನನಗೆ ಅರ್ಥ ಆಗಲ್ಲ. ದುಡಿದ ದುಡ್ಡಲ್ಲಿ ಗಂಡ-ಹೆಂಡತಿ ಹದಿನೈದು ದಿನ ಜಗತ್ತು ನೋಡಿದ್ರೆ ಯಾರ ಮನೆಯೂ ಮುಳುಗಲ್ಲ. ಹೋಗಿ. ಸಾಲ ಮಾಡದೆ ಹೋಗೋಕಾದ್ರೆ ಖಂಡಿತ ಹೋಗಿ.

ಈಗ ಆ ಮಾತಿಗೆ ಬರ್ತೀನಿ. ವಾಪಸ್ ಬಂದ ವಾರದಲ್ಲೇ ದಾವಣಗೆರೆಯಲ್ಲಿ ಬೆಣ್ಣೆದೋಸೆ ಮುಂದೆ ಕೂತು, ಫೋನಲ್ಲಿ ಫೋಟೋ ಸರಿಸ್ತಾ ಹೇಳ್ತಾರೆ: "ಎಂಥಾ ಕ್ಲೀನು ಮಾರಾಯಾ! ನದಿಯೊಳಗೆ ಜನ ಈಜ್ತಾರೆ. ರಸ್ತೆ ದಾಟೋಕೆ ನಿಂತ್ರೆ ಕಾರು ತಾನಾಗೇ ನಿಲ್ಲುತ್ತೆ. ಬಿಡು, ಅಲ್ಲಿ ಜನಾನೇ ಬೇರೆ. ನಮ್ಮ ಜನಕ್ಕೆ ಈ ಜನ್ಮದಲ್ಲಿ ಬುದ್ಧಿ ಬರಲ್ಲ." ಆಮೇಲೆ ಹರಿಹರದ ಸೇತುವೆ ಮೇಲೆ ಹೋಗುವಾಗ ಕಾರಿನ ಗಾಜು ಏರಿಸ್ತಾರೆ.

ನಾವೆಲ್ಲ ಸಾಫ್ಟ್‌ವೇರ್‌ನವರು ತಾನೇ? ಪ್ರೊಡಕ್ಷನ್‌ನಲ್ಲಿ ಒಂದು ಬಗ್ ಬಂದ್ರೆ "ನಮ್ಮ ಯೂಸರ್‌ಗಳೇ ಹಂಗೆ" ಅಂತ ಬರೆದು ಟಿಕೆಟ್ ಕ್ಲೋಸ್ ಮಾಡ್ತೀವಾ? ಮ್ಯಾನೇಜರ್ ಸುಮ್ಮನೆ ಬಿಡ್ತಾನಾ? ಏನು ಬದಲಾಯ್ತು, ಯಾವಾಗ ಬದಲಾಯ್ತು, ಯಾರು ಬದಲಾಯಿಸಿದ್ರು ಅಂತ ಲಾಗ್ ತೆಗೆದು ನೋಡ್ತೀವಿ. ಯುರೋಪಿನ ವಿಷಯದಲ್ಲೂ ಅದೇ ಮಾಡೋಣ. ಲಾಗ್ ಏನು ಹೇಳುತ್ತೆ ನೋಡಿ.

ಮೊದಲು ರೈನ್ ನದಿ. ನಮ್ಮವರ ಪ್ಯಾಕೇಜಲ್ಲಿ ಇದು ತಪ್ಪಲ್ಲ. ಸ್ವಿಟ್ಜರ್‌ಲ್ಯಾಂಡಲ್ಲಿ ರೈನ್ ಜಲಪಾತ, ಜರ್ಮನಿಯಲ್ಲಿ ಕಲೋನ್ ಕೆಥೆಡ್ರಲ್ ಪಕ್ಕದ ಸೇತುವೆ. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿ ಬೇಸಿಗೆ ಸಂಜೆ ಆಫೀಸ್ ಮುಗಿಸಿದವರು ಬಟ್ಟೆಯನ್ನ ನೀರು ಹೋಗದ ಚೀಲದಲ್ಲಿ ಕಟ್ಟಿಕೊಂಡು ಹೊಳೆಗೆ ಧುಮುಕಿ ತೇಲಿಕೊಂಡು ಹೋಗ್ತಾರೆ. ಆದರೆ 1970ರ ಸುಮಾರಿಗೆ ಇದೇ ರೈನ್‌ಗೆ ಇದ್ದ ಹೆಸರು "ಯುರೋಪಿನ ಚರಂಡಿ". ಊರುಗಳ ಕೊಳಚೆ, ಕಾರ್ಖಾನೆಗಳ ವಿಷ ಎಲ್ಲ ಅದಕ್ಕೇ. ನದಿ ಕಾಪಾಡೋಕೆ ಅಂತ ದಂಡೆಯ ದೇಶಗಳು 1950ರಲ್ಲೇ ಒಂದು ಆಯೋಗ ಮಾಡಿದ್ವು. ದಶಕಗಟ್ಟಲೆ ಮೀಟಿಂಗ್ ನಡೀತು, ವರದಿ ಬಂತು. ನಮ್ಮಲ್ಲಿ ನಡೆಯೋ ಹಾಗೇ.

1986ರ ನವೆಂಬರ್ 1ರ ರಾತ್ರಿ ಬಾಸೆಲ್ ಹತ್ತಿರ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ 1,300 ಟನ್‌ಗೂ ಹೆಚ್ಚು ಕೃಷಿ ರಾಸಾಯನಿಕ. ಬೆಂಕಿ ಆರಿಸಿದ ನೀರಿನ ಜೊತೆ ವಿಷ ನದಿಗಿಳೀತು, ಹೊಳೆ ಕೆಂಪಾಯ್ತು, ನೂರಾರು ಕಿಲೋಮೀಟರ್ ಉದ್ದಕ್ಕೂ ಹಾವುಮೀನುಗಳು ಲಕ್ಷದ ಲೆಕ್ಕದಲ್ಲಿ ಸತ್ತು ತೇಲಿದ್ವು. ಆಗ ಜನ "ನಮ್ಮ ಜನಾನೇ ಹಿಂಗೆ" ಅಂತ ಗಾಜು ಏರಿಸಿಕೊಂಡು ಹೋಗಲಿಲ್ಲ. ಸಾವಿರಾರು ಜನ ಬೀದಿಗಿಳಿದ್ರು. ಮಂತ್ರಿಗಳು ಓಡಿ ಬಂದ್ರು. ಒಂದು ವರ್ಷ ತುಂಬೋಕೆ ಮೊದಲೇ, 1987ರಲ್ಲಿ, ರೈನ್ ಕಾರ್ಯಯೋಜನೆ ಬಂತು. ಅದರ ಗುರಿ ಏನು ಗೊತ್ತಾ? 2000ದ ಹೊತ್ತಿಗೆ ಸಾಲ್ಮನ್ ಮೀನು ನದಿಗೆ ವಾಪಸ್ ಬರಬೇಕು. ಹಳ್ಳಿಯವನಿಗೂ ಅರ್ಥವಾಗೋ, ಯಾರೂ ಸುಳ್ಳು ಲೆಕ್ಕ ಬರೆಯೋಕಾಗದ ಗುರಿ: ಮೀನು ಇದೆಯಾ, ಇಲ್ವಾ? ಮೀನು ಬಂತು. ಅಣೆಕಟ್ಟುಗಳನ್ನ ದಾಟಿಸಿ ಅದನ್ನ ಮೇಲಿನವರೆಗೆ ತಲುಪಿಸೋ ಕೆಲಸ ಇನ್ನೂ ನಡೀತಿದೆ.

ಎರಡನೇದು ಆಮ್‌ಸ್ಟರ್‌ಡ್ಯಾಮ್. ಸೈಕಲ್ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಜೋಡಿ ಇಲ್ಲ. ಡಚ್ಚರು ಹುಟ್ಟಾ ಸೈಕಲ್ ಭಕ್ತರು ಅಂತ ನಮ್ಮ ನಂಬಿಕೆ. ಆದರೆ ಎರಡನೇ ಮಹಾಯುದ್ಧದ ನಂತರ ಅವರೂ ಕಾರಿನ ಹಿಂದೆ ಓಡಿದವರೇ. 1971 ಒಂದೇ ವರ್ಷ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನ ಕಳೆದುಕೊಂಡ ಒಬ್ಬ ಪತ್ರಕರ್ತ "ಮಕ್ಕಳ ಕೊಲೆ ನಿಲ್ಲಿಸಿ" ಅಂತ ಬರೆದ. ಅದೇ ಹೆಸರಲ್ಲಿ ಚಳವಳಿ ಹುಟ್ಟಿತು. ಅಪ್ಪ-ಅಮ್ಮಂದಿರು ಮಕ್ಕಳನ್ನ ಕರಕೊಂಡು ಬಂದು ರಸ್ತೆ ಅಡ್ಡಗಟ್ಟಿದ್ರು. ನಮಗಾಗಿ ಕಾರು ನಿಲ್ಲೋದು ಡ್ರೈವರ್‌ನ ರಕ್ತದಲ್ಲಿರೋ ಸಂಸ್ಕಾರದಿಂದಲ್ಲ, ಆ ಅಪ್ಪ-ಅಮ್ಮಂದಿರ ಜಗಳದಿಂದ.

ಪ್ಯಾರಿಸ್‌ದೂ ಅಷ್ಟೇ. ಸೇನ್ ನದಿಯಲ್ಲಿ ಈಜೋದನ್ನ 1923ರಲ್ಲಿ ನಿಷೇಧಿಸಿದ್ರು. ಜನ ಮತ್ತೆ ನೀರಿಗಿಳಿದದ್ದು 2025ರ ಜುಲೈನಲ್ಲಿ, 100ಕ್ಕೂ ಹೆಚ್ಚು ವರ್ಷ ಆದಮೇಲೆ.

ಇಲ್ಲಿ ಎರಡು ತಕರಾರು ಬಂದೇ ಬರುತ್ತೆ. ಒಂದು, "ಅಲ್ಲಿ ಜನಸಂಖ್ಯೆ ಕಮ್ಮಿ ರೀ." ನೆದರ್‌ಲ್ಯಾಂಡ್ಸ್‌ನಲ್ಲಿ ಚದರ ಕಿಲೋಮೀಟರಿಗೆ 500ಕ್ಕೂ ಹೆಚ್ಚು ಜನ ಇದ್ದಾರೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 319. ಎರಡು, "ಅವರ ಹತ್ರ ದುಡ್ಡಿದೆ, ಅದೂ ನಮ್ಮಂಥವರನ್ನ ದೋಚಿದ್ದು." ದೋಚಿದ್ದು ನಿಜ, ದುಡ್ಡಿರೋದೂ ನಿಜ. ಆದರೆ 1971ರಲ್ಲೂ ಅವರು ಶ್ರೀಮಂತರೇ ಆಗಿದ್ರು. ರೈನ್ ಅತಿ ಹೊಲಸಾಗಿದ್ದು, ಮಕ್ಕಳು ರಸ್ತೆಯಲ್ಲಿ ಸತ್ತಿದ್ದು ಅವರ ಜೇಬು ತುಂಬಿದ್ದಾಗಲೇ. ದುಡ್ಡು ಬಂದ ಮಾತ್ರಕ್ಕೆ ನದಿ ತಿಳಿಯಾಗಲ್ಲ. ನಾವೂ ನೋಡ್ತಾ ಇಲ್ವಾ? 2016ರ ಜನವರಿಯಲ್ಲಿ ಬಂದ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ಊರುಗಳ ಪಟ್ಟಿಯಲ್ಲೇ ದಾವಣಗೆರೆ ಇತ್ತು.

ಇನ್ನು ನಮ್ಮ ಊರಿಗೆ ಬರೋಣ. ಕಲೋನ್ ಕೆಥೆಡ್ರಲ್ ಮುಂದೆ ಬಾಯಿ ಬಿಟ್ಟುಕೊಂಡು ನಿಲ್ತೀವಿ, ನಿಲ್ಲಲೇಬೇಕು, ಅಂಥಾ ಕಟ್ಟಡ ಅದು. ಅದಕ್ಕೆ ಅಡಿಗಲ್ಲು ಹಾಕಿದ್ದು 1248ರಲ್ಲಿ, ಕೆಲಸ ಮುಗಿದದ್ದು 1880ರಲ್ಲಿ. ಹೊಯ್ಸಳ ದಂಡನಾಯಕ ಪೋಲಾಳ್ವ ಹರಿಹರೇಶ್ವರ ದೇವಸ್ಥಾನ ಕಟ್ಟಿಸಿದ್ದು 1224ರ ಸುಮಾರಿಗೆ. ಎರಡೂ ಹೊಳೆದಂಡೆಯ ಕಟ್ಟಡಗಳು, ಹೆಚ್ಚುಕಮ್ಮಿ ಒಂದೇ ವಯಸ್ಸಿನವು. ಹೊಳೆ ಹಾಳಾದ ಕಥೆಯೂ ಒಂದೇ. ವ್ಯತ್ಯಾಸ ಇರೋದು ಆಮೇಲಿನ ಭಾಗದಲ್ಲಿ.

"ನಮ್ಮ ಜನ ಹೋರಾಡಲ್ಲ" ಅಂತೀರಾ? ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1970ರ ದಶಕದ ಶುರುವಿನಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಬಂತು. ಕೆಲಸ ಕೊಡ್ತು, ಅದನ್ನ ಅಲ್ಲಗಳೆಯಲ್ಲ. ತ್ಯಾಜ್ಯ ನೀರೂ ಹೊಳೆಗೆ ಬಂತು. 1980ರ ದಶಕದಲ್ಲಿ ಮೀನು ಸಾಯ್ತಿವೆ, ನೀರು ಮುಟ್ಟೋ ಹಾಗಿಲ್ಲ ಅಂತ ಕೆಳಗಿನ ಹಳ್ಳಿಗಳ ರೈತರು, ಮೀನುಗಾರರು ಎದ್ದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅವರ ಜೊತೆ ನಿಂತಿತು. ಅದೇ ಕಾಲಕ್ಕೆ ಕಾರ್ಖಾನೆಗೆ ನೀಲಗಿರಿ ಬೆಳೆಸೋಕೆ ಅಂತ ಸರ್ಕಾರ ಕರ್ನಾಟಕ ಪಲ್ಪ್‌ವುಡ್ ಅನ್ನೋ ಜಂಟಿ ಕಂಪನಿ ಮಾಡಿ, ದನ ಮೇಯುವ ಗೋಮಾಳ, ಹುಲ್ಲುಗಾವಲು ಸೇರಿ ಸುಮಾರು 30,000 ಹೆಕ್ಟೇರ್ ಕೊಡೋಕೆ ಹೊರಟಿತು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ಸೇರಿ "ಕಿತ್ತಿಕೋ-ಹಚ್ಚಿಕೋ" ಸತ್ಯಾಗ್ರಹ ಮಾಡಿದ್ರು. ನೀಲಗಿರಿ ಸಸಿ ಕಿತ್ತರು, ಊರಿಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಆ ಕಂಪನಿಯನ್ನೇ ಮುಚ್ಚಬೇಕಾಯ್ತು.

ವರ್ಷ ಗಮನಿಸಿ. ಅಲ್ಲಿ ರೈನ್ ಕಾರ್ಯಯೋಜನೆ ಬಂದದ್ದು 1987. ಇಲ್ಲಿ ಕುಸನೂರಿನ ರೈತ ಸಸಿ ಕಿತ್ತದ್ದೂ 1987. ಹಾಗಾದ್ರೆ ಬುದ್ಧಿ ಇಲ್ಲದ ಆ "ನಮ್ಮ ಜನ" ಯಾರು? ಬಿಇ ಮಾಡಿದ ನಾವಾ, ಸಸಿ ಕಿತ್ತ ಅವರಾ?

ಆ ನೆಲಕ್ಕಾಗಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಒಬ್ಬರು. ಆಗ ಅವರಿಗೆ 80 ದಾಟಿತ್ತು. ಇದೇ ಕಾರಂತರು 1950ರ ದಶಕದಲ್ಲಿ ಯುರೋಪ್ ಸುತ್ತಿ ಬಂದು "ಅಪೂರ್ವ ಪಶ್ಚಿಮ" ಬರೆದವರು. ಅಲ್ಲಿಯದನ್ನ ಕಣ್ತುಂಬಾ ನೋಡಿ ಬಂದ ಮನುಷ್ಯ ಇಲ್ಲಿಯದನ್ನ ಬೈದು ಕೂರಲಿಲ್ಲ. ಕೋರ್ಟಿಗೆ ಹೋದ್ರು. ಕೈಗಾ ಅಣುಸ್ಥಾವರದ ವಿರುದ್ಧ ನಿಂತು 1989ರಲ್ಲಿ ಲೋಕಸಭೆ ಚುನಾವಣೆಗೂ ಸ್ಪರ್ಧಿಸಿ ಸೋತ್ರು. ಯುರೋಪಿಗೆ ಹೋಗಿ ಬರೋದು ಅಂದ್ರೆ ಹೀಗೆ ಅಂತ ನನಗನ್ನಿಸುತ್ತೆ.

ಹೊಳೆ ಸರಿ ಹೋಯ್ತಾ? ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿಭಾಗಗಳ ಪಟ್ಟಿ ಮಾಡಿತು. ಕರ್ನಾಟಕದ್ದು 17, ಅದರಲ್ಲಿ ತುಂಗಭದ್ರೆಯೂ ಇದೆ. 2022ರಲ್ಲಿ ಹರಿಹರದ ಹೊಳೆದಂಡೆಯಲ್ಲಿ ತುಂಗಾರತಿಗೆ 108 ಮಂಟಪ ಕಟ್ಟೋ ಕೆಲಸಕ್ಕೆ ಶಂಕುಸ್ಥಾಪನೆ ಆಯ್ತು. ಆರತಿ ಬೇಡ ಅನ್ನಲ್ಲ. ನಮ್ಮವ್ವನೂ ಹೊಳೆಗೆ ಬಾಗಿನ ಬಿಟ್ಟವಳೇ. ಆದರೆ ಆರತಿಯ ಬೆಳಕಲ್ಲಿ ಕಾಣೋದು ಎಂಥಾ ನೀರು ಅಂತ ಕೇಳೋರೂ ಬೇಕಲ್ಲ? ಮೇಲಿನ ಊರಿನ ಚರಂಡಿಯೇ ಕೆಳಗಿನ ಊರಿನ ಕುಡಿಯೋ ನೀರು.

"ಬೆಂಗಳೂರಲ್ಲಿ ಕೂತು ನಾವೇನು ಮಾಡೋಕಾಗುತ್ತೆ? ಟೈಮಿಲ್ಲ" ಅಂತೀರಿ. ಷೆಂಗೆನ್ ವೀಸಾಗೆ ಏನೇನು ಮಾಡಿದ್ರಿ, ನೆನಪಿದೆಯಾ? ತಿಂಗಳುಗಟ್ಟಲೆ ಬ್ಯಾಂಕ್ ಸ್ಟೇಟ್‌ಮೆಂಟ್, ಟ್ಯಾಕ್ಸ್ ರಿಟರ್ನ್, ಕಂಪನಿಯಿಂದ ರಜೆ ಪತ್ರ, ಮದುವೆ ಸರ್ಟಿಫಿಕೇಟ್, 30,000 ಯೂರೋ ಇನ್ಶೂರೆನ್ಸ್, ಯಾವ ದಿನ ಯಾವ ಊರಲ್ಲಿ ಮಲಗ್ತೀವಿ ಅನ್ನೋ ಪಟ್ಟಿ. ಒಬ್ಬೊಬ್ಬರಿಗೆ 90 ಯೂರೋ ಫೀಸು. "ನಾವು ಮರ್ಯಾದಸ್ಥರು, ವಾಪಸ್ ಹೋಗ್ತೀವಿ" ಅಂತ ಯಾರೋ ಗುರುತಿಲ್ಲದ ಅಧಿಕಾರಿಗೆ ರುಜುವಾತು ಮಾಡೋಕೆ ಗಂಡ-ಹೆಂಡತಿ ಎಷ್ಟೋ ರಾತ್ರಿ ಕೂತು ಫೈಲ್ ಮಾಡಿದ್ರಿ. ಒಂದು ಅಕ್ಷರ ತಪ್ಪಾಗದ ಹಾಗೆ.

ಕರ್ನಾಟಕದಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಫೀಸು 10 ರೂಪಾಯಿ. ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ನಿಮ್ಮ ವೀಸಾ ಕವರಿಂಗ್ ಲೆಟರ್‌ಗಿಂತ ಚಿಕ್ಕದು. 30 ದಿನದಲ್ಲಿ ಉತ್ತರ ಕೊಡಬೇಕು ಅಂತ ಕಾನೂನಿದೆ. ಹರಿಹರ ನಗರಸಭೆಗೆ ಒಂದು: ಊರಿನ ಕೊಳಚೆ ನೀರು ದಿನಕ್ಕೆ ಎಷ್ಟು, ಅದರಲ್ಲಿ ಎಷ್ಟು ಶುದ್ಧವಾಗಿ ಹೊಳೆಗೆ ಹೋಗುತ್ತೆ? ದಾವಣಗೆರೆ ಮಹಾನಗರ ಪಾಲಿಕೆಗೆ ಇನ್ನೊಂದು: ಸ್ಮಾರ್ಟ್ ಸಿಟಿ ದುಡ್ಡಲ್ಲಿ ಎಷ್ಟು ಕಿಲೋಮೀಟರ್ ಫುಟ್‌ಪಾತ್ ಆಯ್ತು, ಯಾವ್ಯಾವ ರಸ್ತೆಯಲ್ಲಿ? ಎರಡೇ ಪ್ರಶ್ನೆ. ಅವನೊಂದು ಬರೆಯಲಿ, ಅವಳೊಂದು ಬರೆಯಲಿ.

ಒಂದು ಅರ್ಜಿಯಿಂದ ತುಂಗಭದ್ರೆ ರೈನ್ ಆಗಲ್ಲ ಅಂತ ನನಗೂ ಗೊತ್ತು. ಬಾಸೆಲ್‌ನಲ್ಲೂ ಒಂದೇ ದಿನಕ್ಕೆ ಆಗಲಿಲ್ಲ. ಆದರೆ ನೂರು ಜೋಡಿ ಯುರೋಪಿಗೆ ಹೋಗಿ ಬಂದು ನೂರೂ ಜನ "ಅಲ್ಲಿ ಜನಾನೇ ಬೇರೆ" ಅಂದ್ರೆ, ನಗರಸಭೆಗೆ ಅದಕ್ಕಿಂತ ಒಳ್ಳೆ ಸುದ್ದಿ ಇನ್ನೊಂದಿಲ್ಲ. ಕೇಳೋ ಹಕ್ಕನ್ನ ನಾವೇ ಬಿಟ್ಟುಕೊಟ್ಟ ಹಾಗೆ. ಆ ನೂರು ಜೋಡಿಯಿಂದ ಇನ್ನೂರು ಅರ್ಜಿ ಟೇಬಲ್ ಮೇಲೆ ಬಿದ್ರೆ, ಅವರ ಭಾಷೆಯೇ ಬೇರೆ ಆಗುತ್ತೆ.

ಮುಂದಿನ ಬೇಸಿಗೆಗೂ ಹೋಗಿ. ಫೋಟೋನೂ ಹಾಕಿ, ನಾನೂ ಲೈಕ್ ಒತ್ತೀನಿ. ಬರುವಾಗ ಚಾಕೊಲೇಟ್ ಜೊತೆ ಆ ಜನ ಜಗಳ ಆಡಿ ಗೆದ್ದ ಕಥೆಯನ್ನೂ ಕಟ್ಟಿಕೊಂಡು ಬನ್ನಿ. ಅದಕ್ಕೆ ಲಗೇಜ್ ಚಾರ್ಜ್ ಹಾಕಲ್ಲ.