ಹಳೆಯ ಯೆಜ್ಡಿಗೆ ಡಿಸ್ಕ್ ಬೇಕೇ, ಡ್ರಮ್ ಸಾಕೇ?

ಯೆಜ್ಡಿ ಬೈಕುಗಳನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಆದರೂ ನಂಜನಗೂಡು, ತಿ. ನರಸೀಪುರದ ಕಡೆ ಯೆಜ್ಡಿಯ ಸದ್ದು ಅಡಗಿಲ್ಲ. ಅಪ್ಪ ಓಡಿಸಿ ಮೂಲೆಗೆ ನಿಲ್ಲಿಸಿದ್ದ ಯೆಜ್ಡಿ ರೋಡ್‌ಕಿಂಗನ್ನು ಮಗ ಎಂಜಿನ್ ಬಿಚ್ಚಿಸಿ, ಬಣ್ಣ ಹೊಡೆಸಿ ಮತ್ತೆ ರಸ್ತೆಗೆ ಇಳಿಸುತ್ತಾನೆ. ಗಾಡಿ ಹೊರಟ ಮೇಲೆ ಬರುವ ಚಿಂತೆ ಅದನ್ನು ನಿಲ್ಲಿಸುವುದು ಹೇಗೆ ಎಂಬುದು. ಸವೆದ ಡ್ರಮ್ ಬ್ರೇಕನ್ನೇ ಸರಿಮಾಡಿಸಬೇಕೋ, ಅದನ್ನು ಕಿತ್ತು ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸಬೇಕೋ? ಗ್ಯಾರೇಜುಗಳಲ್ಲಿ ಎರಡೂ ಕಡೆಗೆ ವಾದಿಸುವವರಿದ್ದಾರೆ, ಎರಡು ವಾದಗಳಲ್ಲೂ ಹುರುಳಿದೆ.

ಡಿಸ್ಕ್ ಪರವಾಗಿ ಮೊದಲು ಮಾತಾಡುವುದು ನಮ್ಮ ರಸ್ತೆಯೇ. ರೋಡ್‌ಕಿಂಗ್ ಬಂದ 1978ರ ಕಾಲದ ದಾರಿ ಈಗಿಲ್ಲ. ಗುಂಡ್ಲುಪೇಟೆಯಿಂದ ನಂಜನಗೂಡು, ಮೈಸೂರು, ತಿ. ನರಸೀಪುರ ಹಾದು ಕೊಳ್ಳೇಗಾಲಕ್ಕೆ ಹೋಗುವ 766ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಎಲ್ಲರೂ ವೇಗದಲ್ಲೇ ಇರುತ್ತಾರೆ. ವೇಗ 40 ಕಿಲೋಮೀಟರಿನಿಂದ 80ಕ್ಕೆ ಏರಿದರೆ, ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಕಬ್ಬಿನ ಕಾಲದಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಕತ್ತಲಲ್ಲಿ ಎದುರಾದಾಗ ಈ ಲೆಕ್ಕ ಜೀವದ ಲೆಕ್ಕವಾಗುತ್ತದೆ. ಮೇಲಾಗಿ ಯೆಜ್ಡಿಯದು ಟೂ ಸ್ಟ್ರೋಕ್ ಎಂಜಿನ್. ಆಕ್ಸಿಲರೇಟರ್ ಬಿಟ್ಟರೆ ಫೋರ್ ಸ್ಟ್ರೋಕ್ ಗಾಡಿಯಂತೆ ಎಂಜಿನ್ನೇ ಹಿಡಿದು ನಿಧಾನಿಸುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೇ ಬೀಳುತ್ತದೆ. ಮಲೆ ಮಹದೇಶ್ವರ ಬೆಟ್ಟದಿಂದ ಇಬ್ಬರು ಕೂತು ಇಳಿಯುವಾಗ ಡ್ರಮ್ ಕಾದು ಹಿಡಿತ ಸಡಿಲಾಗುವುದು ಇದೇ ಕಾರಣಕ್ಕೆ. ಡಿಸ್ಕ್ ಪ್ಲೇಟು ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ಆರುತ್ತದೆ. ಕಪಿಲೆ ಉಕ್ಕಿ ನಂಜನಗೂಡಿನ ಮಲ್ಲನಮೂಲೆ ಮಠದ ಬಳಿ ರಸ್ತೆಗೆ ನೀರು ಬಂದಾಗಲೂ ಅಷ್ಟೆ. ಡ್ರಮ್ಮಿನೊಳಗೆ ಹೊಕ್ಕ ನೀರು ಸುಲಭಕ್ಕೆ ಹೊರಬರದು, ಪ್ಲೇಟಿನ ಮೇಲಿನ ನೀರನ್ನು ಪ್ಯಾಡೇ ಒರೆಸಿಹಾಕುತ್ತದೆ.

ಬೇರೆ ಗಾಡಿಗಳ ಅನುಭವವೂ ಡಿಸ್ಕ್ ಪರವಾಗಿಯೇ ಇದೆ. ಜಪಾನಿನಲ್ಲಿ ಮುಂದೆ ಡಿಸ್ಕ್ ಇದ್ದ ಯಮಹಾ ಆರ್‌ಡಿ 350, 1983ರಲ್ಲಿ ರಾಜದೂತ್ ಹೆಸರಿನಲ್ಲಿ ಇಲ್ಲಿಗೆ ಬಂದಾಗ ಎರಡೂ ಚಕ್ರಕ್ಕೆ ಡ್ರಮ್ ಹೊತ್ತು ಬಂತು. ಓಟಕ್ಕೆ ತಕ್ಕ ಬ್ರೇಕಿಲ್ಲ ಎಂಬ ಮಾತು ಅದನ್ನು ಕೊನೆಯವರೆಗೂ ಬಿಡಲಿಲ್ಲ. 2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದಾಗ ಮುಂದಿನ ಚಕ್ರಕ್ಕೆ ಡಿಸ್ಕ್ ಜೊತೆಗೆ, ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕೂಡ ಇತ್ತು.

ಡ್ರಮ್ ಕಡೆಯ ವಾದ ಶುರುವಾಗುವುದು ಇಲ್ಲಿಂದಲೇ. ಹಳೆಯ ಗಾಡಿಗೆ ಡಿಸ್ಕ್ ಹಾಕಿಸಬಹುದು, ಎಬಿಎಸ್ ಹಾಕಿಸಲಾಗದು. ನಮ್ಮ ಕಡೆ ಸುಗ್ಗಿ ಬಂತೆಂದರೆ ಹುರುಳಿ, ರಾಗಿಯ ಒಕ್ಕಣೆ ಡಾಂಬರಿನ ಮೇಲೇ ನಡೆಯುತ್ತದೆ. ಆ ಹುಲ್ಲಿನ ಮೇಲೆ ಗಾಬರಿಯಲ್ಲಿ ಡಿಸ್ಕ್ ಒತ್ತಿದರೆ ಮುಂದಿನ ಚಕ್ರ ಕಚ್ಚಿಕೊಂಡು ಗಾಡಿ ಜಾರುತ್ತದೆ. ಹದವಾಗಿರುವ ಡ್ರಮ್ ಅಷ್ಟು ಥಟ್ಟನೆ ಕಚ್ಚುವುದಿಲ್ಲ, ಕೈಗೆ ಸುಳಿವು ಕೊಡುತ್ತಾ ಹಿಡಿಯುತ್ತದೆ. ಕೊನೆಗೆ ಗಾಡಿಯನ್ನು ನಿಲ್ಲಿಸುವುದು ಟೈರು ನೆಲದ ಮೇಲೆ ಪಡೆಯುವ ಹಿಡಿತ. ಯೆಜ್ಡಿಯ ಸಣ್ಣ ಟೈರು ತಾಳಿಕೊಳ್ಳದಷ್ಟು ಬ್ರೇಕ್ ಕೊಟ್ಟು ಲಾಭವಿಲ್ಲ.

ಎರಡನೆಯದು ಕೆಲಸದ ಗುಣಮಟ್ಟ. ಡಿಸ್ಕ್ ಎಂದರೆ ಪ್ಲೇಟು, ಪ್ಯಾಡು ಮಾತ್ರವಲ್ಲ. ಹಬ್ಬು, ಕ್ಯಾಲಿಪರ್, ಅದನ್ನು ಕೂರಿಸಲು ಗಟ್ಟಿ ನೆಲೆ, ಬ್ರೇಕ್ ಆಯಿಲ್ ಹೋಗುವ ಪೈಪು ಎಲ್ಲವೂ ಬೇಕು. ಯೆಜ್ಡಿಯ ಮುಂದಿನ ಫೋರ್ಕಿನಲ್ಲಿ ಕ್ಯಾಲಿಪರ್‌ಗೆ ಜಾಗವೇ ಇಲ್ಲ. ಹಳೆಯ ಫೋರ್ಕಿಗೆ ಪಟ್ಟಿ ವೆಲ್ಡ್ ಮಾಡಿಸಿ ಕೂರಿಸಿದರೆ, ಜೋರಾಗಿ ಬ್ರೇಕ್ ಹಿಡಿದಾಗ ಪೂರ್ತಿ ತಿರುಚುಬಲ ಆ ಬೆಸುಗೆಯ ಮೇಲೆ ಬೀಳುತ್ತದೆ. ಅದು ಬಿಟ್ಟುಕೊಟ್ಟರೆ ಸವಾರ ಉಳಿಯುವುದು ಕಷ್ಟ. ಮೂರನೆಯದು ಕಾನೂನು. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಸುರಕ್ಷತೆಗೆಂದೇ ಮಾಡಿಸಿದ ಬದಲಾವಣೆಯ ಬಗ್ಗೆಯೂ ನೋಂದಣಿ ನವೀಕರಣದ ವೇಳೆ, ಅಪಘಾತವಾದರೆ ವಿಮೆಯ ವೇಳೆ ಪ್ರಶ್ನೆ ಏಳಬಹುದು. ಆದ್ದರಿಂದ ಕೆಲಸಕ್ಕೆ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಇಷ್ಟೆಲ್ಲ ತೂಗುವ ಮೊದಲು ಒಮ್ಮೆ ಚಕ್ರ ಬಿಚ್ಚಿ ನೋಡಬೇಕು. ‘ಬ್ರೇಕೇ ಹಿಡಿಯಲ್ಲ’ ಎಂದು ಬೈಸಿಕೊಳ್ಳುವ ಡ್ರಮ್ಮುಗಳಲ್ಲಿ ಹಲವು ನೆಟ್ಟಗೆ ರಿಪೇರಿಯನ್ನೇ ಕಂಡಿರುವುದಿಲ್ಲ. ಬ್ರೇಕ್ ಶೂ ಮೇಲಿನ ಲೈನಿಂಗ್ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಕಾದು ಗಡುಸಾಗಿದೆ ಎಂದರ್ಥ. ಡ್ರಮ್ಮಿನ ಒಳಮೈಯಲ್ಲಿ ಉಗುರು ಆಡಿಸಿ, ಗೀರು ಸಿಕ್ಕರೆ ಲೇತಿಗೆ ಕೊಡಿ. ಹೊಸ ಶೂ ಹಾಕಿದ ಮಾತ್ರಕ್ಕೆ ಅದು ಪೂರ್ತಿ ತಾಗುವುದಿಲ್ಲ. ಲೈನಿಂಗಿಗೆ ಸೀಮೆಸುಣ್ಣ ಬಳಿದು, ಚಕ್ರ ಕೂರಿಸಿ, ತಿರುಗಿಸುತ್ತಾ ಮೆಲ್ಲಗೆ ಬ್ರೇಕ್ ಹಿಡಿದು ಮತ್ತೆ ಬಿಚ್ಚಿದರೆ ಸುಣ್ಣ ಅಳಿಸಿಹೋದ ಕಡೆಯಷ್ಟೇ ತಾಗುತ್ತಿದೆ ಎಂದು ತಿಳಿಯುತ್ತದೆ. ಆ ಉಬ್ಬುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ಸಮಮಾಡಬೇಕು. ಬ್ರೇಕ್ ಪೂರ್ತಿ ಹಿಡಿದಾಗ ಕೇಬಲ್ಲೂ ಕ್ಯಾಮಿನ ಲಿವರೂ ಹೆಚ್ಚುಕಡಿಮೆ ಲಂಬಕೋನದಲ್ಲಿರಬೇಕು. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರುವುದುಂಟು. ಆ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶಕ್ಕೇ ಕುತ್ತು.

ಡಿಸ್ಕ್ ಹಾಕಿಸಿಕೊಂಡವರಿಗೂ ದುಡಿಮೆ ತಪ್ಪದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಪ್ಲೇಟಿನ ಮೇಲೆ ಕೆತ್ತಿರುವ ಕನಿಷ್ಠ ದಪ್ಪಕ್ಕಿಂತ ಅದು ತೆಳುವಾಗಿದ್ದರೆ ಹೊಸ ಪ್ಯಾಡ್ ಹಾಕಿ ಫಲವಿಲ್ಲ, ಪ್ಲೇಟನ್ನೂ ಬದಲಿಸಬೇಕು.

ನನ್ನ ಮಾತು ಇಷ್ಟು. ಭಾನುವಾರ ಹೊರಡುವ, ಊರೊಳಗೆ ಓಡಾಡುವ, ಮೂಲರೂಪ ಉಳಿಯಲೆಂದು ಇಟ್ಟುಕೊಂಡ ಗಾಡಿಗೆ ಹದಮಾಡಿದ ಡ್ರಮ್ಮೇ ಸರಿ. ದಿನಾ ಹೆದ್ದಾರಿ ಹಿಡಿದು, ಹಿಂದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಕತ್ತಲಾದ ಮೇಲೆ ಮನೆ ಸೇರುವವರು ಡಿಸ್ಕ್ ಬಯಸುವುದು ಶೋಕಿಯಲ್ಲ, ಅಗತ್ಯ. ಆದರೆ ವೆಲ್ಡಿಂಗ್ ಪಟ್ಟಿಯ ಡಿಸ್ಕ್ ಬೇಡ. ಫೋರ್ಕು, ಚಕ್ರ, ಕ್ಯಾಲಿಪರ್ ಒಂದಕ್ಕೊಂದು ಹೊಂದುವ ಪೂರ್ತಿ ಜೋಡಣೆಯನ್ನು ನುರಿತ ಕೈ ಮಾಡಬೇಕು. ಅದಕ್ಕೆ ದುಡ್ಡು ಕೂಡುವ ತನಕ ಡ್ರಮ್ ಸರಿಮಾಡಿಸಿಕೊಂಡು, ಅದು ನಿಲ್ಲಿಸಬಲ್ಲ ವೇಗದಲ್ಲಿ ಓಡಿಸಿ. ಅರೆಬರೆ ಡಿಸ್ಕಿಗಿಂತ ಆ ಡ್ರಮ್ಮೇ ನಿಮ್ಮನ್ನು ಕಾಯುತ್ತದೆ.